ಗಾಳಿ ಹೊಡೆಯುವುದನ್ನು ಬಿಡೋಣ

ಸೊಲ್ಲಾಪುರದ ಟವೆಲ್ ಶೆಡ್ಡುಗಳಲ್ಲಿ ಸ್ವಚ್ಛತೆ ಅಂದರೆ ಇವತ್ತಿಗೂ ಏರ್ ಗನ್. ಪಾಳಿ ಮುಗಿಯುತ್ತಿದ್ದಂತೆ ಕಂಪ್ರೆಸರಿನ ಪೈಪು ಎಳೆದುಕೊಂಡು ಮಗ್ಗಕ್ಕೆ, ಮೋಟರಿಗೆ, ನೂಲು ಸುತ್ತಿದ ಬೀಮಿಗೆ ಉಸ್ಸೆಂದು ಹೊಡೆಯುತ್ತಾರೆ. ಎರಡು ನಿಮಿಷದಲ್ಲಿ ಮಗ್ಗ ಲಕಲಕ. ಕೊನೆಗೆ ಅದೇ ಗಾಳಿಯಿಂದ ಒಬ್ಬರ ಅಂಗಿಯನ್ನು ಇನ್ನೊಬ್ಬರು ಊದಿಕೊಂಡು ಮನೆಗೆ ಹೋಗುತ್ತಾರೆ. ಹುಡುಗನಾಗಿ ಜಾಬರ್ (ಮಗ್ಗ ರಿಪೇರಿಯ ಮೇಸ್ತ್ರಿ) ಕೈಕೆಳಗೆ ಸೇರಿದಾಗಿನಿಂದ ನಾನು ಇದನ್ನೇ ನೋಡಿದವನು. ಈಗ ಮೇಂಟೆನನ್ಸ್ ನನ್ನ ಜವಾಬ್ದಾರಿ, ಅಕ್ಕಲಕೋಟ ರಸ್ತೆಯ ನಮ್ಮ ಶೆಡ್ಡಿನಲ್ಲಿ ಗನ್ ಬದಲು ಧೂಳು ಹೀರುವ ವ್ಯಾಕ್ಯೂಮ್ ಮಷಿನು ತಂದಿದ್ದೇವೆ. ಅಕ್ಕಲಕೋಟ, ಇಂಡಿ, ಆಳಂದ ಕಡೆಯಿಂದ ಇಲ್ಲಿಗೆ ದುಡಿಯಲು ಬಂದ ನಮ್ಮ ಜನಕ್ಕೆ ಇದನ್ನು ಕನ್ನಡದಲ್ಲೇ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಗೋಡೆಯ ಮೇಲಿನ ಸೂಚನೆಗಳೆಲ್ಲ ಮರಾಠಿಯಲ್ಲಿ, ಮಷಿನಿನ ಪುಸ್ತಕ ಇಂಗ್ಲಿಷಿನಲ್ಲಿ. ಗನ್ ಹಿಡಿಯುವ ಕೈ ಮಾತ್ರ ಬಹಳ ಸಲ ನಮ್ಮದು.

ಗನ್ ಹೊಡೆದರೆ ಧೂಳು ಎಲ್ಲಿಗೂ ಹೋಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಕಣದಲ್ಲಿ ಜೋಳ ತೂರುವಾಗ ಕಾಳು ಕಾಲ ಬುಡಕ್ಕೆ ಬಿದ್ದು ಹೊಟ್ಟು ಹಾರಿಹೋಗುತ್ತದಲ್ಲ, ಶೆಡ್ಡಿನಲ್ಲೂ ಅದೇ ಆಗುತ್ತದೆ. ದಪ್ಪ ಎಳೆ, ನೂಲಿನ ಚೂರು ನೆಲಕ್ಕೆ ಬೀಳುತ್ತವೆ. ಕಣ್ಣಿಗೆ ಕಾಣದ ಪುಡಿ ಮೇಲೇಳುತ್ತದೆ. ಕಣದಲ್ಲಾದರೆ ಹೊಟ್ಟು ಬಯಲಿಗೆ ಹೋಗುತ್ತದೆ, ಇಲ್ಲಿ ನಾಲ್ಕು ಗೋಡೆ, ಮೇಲೊಂದು ತಗಡಿನ ಪತ್ರಾ. 10 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರದ ಧೂಳಿನ ಕಣ ಅಲುಗಾಡದ ಗಾಳಿಯಲ್ಲಿ ನಮ್ಮ ಮೂಗಿನ ಎತ್ತರದಿಂದ ನೆಲ ಮುಟ್ಟಲು ಎಂಟು ನಿಮಿಷದ ಆಸುಪಾಸು ಬೇಕು. 1 ಮೈಕ್ರಾನಿನ ಕಣಕ್ಕೆ ಸುಮಾರು 12 ಗಂಟೆ ಬೇಕು. ಅಂದರೆ ಹಗಲು ಪಾಳಿಯವರು ಊದಿಟ್ಟು ಹೋದದ್ದನ್ನು ರಾತ್ರಿ ಪಾಳಿಯವರು ಬೆಳಗಿನವರೆಗೂ ಉಸಿರಾಡುತ್ತಿರುತ್ತಾರೆ. ಅದೂ ಗಾಳಿ ನಿಂತಿದ್ದರೆ ಮಾತ್ರ. ಮಗ್ಗ ಓಡುವ, ಫ್ಯಾನ್ ತಿರುಗುವ ಶೆಡ್ಡಿನಲ್ಲಿ ಗಾಳಿ ಯಾವಾಗ ನಿಲ್ಲುತ್ತದೆ?

ಟವೆಲ್ ನೇಯುವಲ್ಲಿ ಈ ಕಾಟ ಉಳಿದ ಬಟ್ಟೆಗಿಂತ ಹೆಚ್ಚು. ಟವೆಲ್ಲಿಗೆ ಎರಡು ಬೀಮು: ಒಂದು ತಳದ ಹಾಸಿನದು (ಉದ್ದ ನೂಲಿನದು), ಇನ್ನೊಂದು ಮೇಲೆ ಕುಣಿಕೆ ಏಳುವ ಹಾಸಿನದು. ಕುಣಿಕೆಯ ನೂಲನ್ನು ಸಡಿಲ ಬಿಟ್ಟು ನೇಯಬೇಕು, ಹುರಿಯೂ ಕಡಿಮೆ ಇರುತ್ತದೆ. ನೂಲು ಒತ್ತುವ ಹಣಿಗೆ ಬಡಿದಾಗಲೆಲ್ಲ ಎಳೆ ಉದುರುತ್ತದೆ. ಹಾಗೆ ಉದುರಿ ಹಾರುವ ಎಳೆಗೆ ನಾವು ಫ್ಲೈ ಅನ್ನುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ಸೊಲ್ಲಾಪುರದ ಬಿಸಿಲು 40 ಡಿಗ್ರಿ ದಾಟಿ ಗಾಳಿ ಒಣಗಿದಾಗಂತೂ ಚಿತ್ತಾರ ನೇಯಿಸುವ ಜಕಾರ್ಡಿನ ದಾರಗಳ ಮೇಲೆಲ್ಲ ಬೂದುಬಣ್ಣದ ಮೀಸೆ ಬೆಳೆದಿರುತ್ತದೆ.

ಒಂದು ಜಾಗವನ್ನು ಹತ್ತಿರದಿಂದ ಹೇಳುತ್ತೇನೆ. ಮಗ್ಗಗಳ ಸಾಲಿನ ಮೇಲೆ ಕೇಬಲ್ ಟ್ರೇ ಹಾದುಹೋಗುತ್ತದೆ. ಕೆಳಗಿನಿಂದ ನೋಡಿದರೆ ಸ್ವಚ್ಛ. ಏಣಿ ಹಾಕಿ ಹತ್ತಿ ನೋಡಿದರೆ ಕೇಬಲ್ಲೇ ಕಾಣುವುದಿಲ್ಲ, ಹತ್ತಿಯ ಹಾಸಿಗೆ. ಕೈಯಿಂದ ಎತ್ತಿದರೆ ಗೋಣಿಯ ತುಂಡು ಎದ್ದ ಹಾಗೆ ಚಪ್ಪಟೆಯಾಗಿ ಇಡಿಯಾಗಿ ಏಳುತ್ತದೆ. ಮೇಲಿನ ಪದರ ಬಿಳಿ, ಅದರಡಿ ಹಳದಿ, ಕೇಬಲ್ಲಿಗೆ ಅಂಟಿದ ಪದರ ಎಣ್ಣೆ ಕುಡಿದು ಕಪ್ಪು. ಬಣ್ಣದ ಟವೆಲ್ ನೇಯ್ದ ತಿಂಗಳುಗಳೂ ಅದರಲ್ಲಿ ಗುರುತು ಸಿಗುತ್ತವೆ, ನೀಲಿ ಒಂದು ಗೆರೆ, ಮರೂನ್ ಒಂದು ಗೆರೆ. ಇದನ್ನು ಯಾರೂ ಅಲ್ಲಿ ಒಯ್ದು ಇಟ್ಟಿಲ್ಲ. ಕೆಳಗೆ ಹೊಡೆದ ಗಾಳಿ ಮೇಲೆ ಒಯ್ದಿಟ್ಟಿದೆ. ಮೋಟರಿನ ಹಿಂದಿನ ಫ್ಯಾನ್ ಕವರು ಬಿಚ್ಚಿದರೂ ಅಷ್ಟೆ: ಜಾಳಿಗೆಯ ತುಂಬ ಫ್ಲೈ ಗಿಡಿದು, ತಂಪಾಗಲು ಗಾಳಿ ಒಳಗೇ ಹೋಗಿರುವುದಿಲ್ಲ. ಬೇಸಿಗೆಯಲ್ಲಿ ಮೋಟರು ಯಾಕೆ ಸುಡುತ್ತಿವೆ ಎಂದು ಮಾಲಕರು ಕೇಳಿದಾಗ ನಾನು ಆ ಕವರನ್ನೇ ಅವರ ಮೇಜಿನ ಮೇಲೆ ಇಟ್ಟಿದ್ದೆ.

ನನಗೆ ಇದು ಬರೀ ಮೋಟರಿನ ವಿಷಯವಲ್ಲ. ನಮ್ಮಪ್ಪ ಊರಿನ ಹಳೇ ಮಿಲ್ಲೊಂದರ ಕಾರ್ಡಿಂಗ್ (ಹತ್ತಿ ಹಿಂಜುವ) ಖಾತೆಯಲ್ಲಿ ದುಡಿದವರು. ಸುಟ್ಟಿ (ರಜೆ) ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಸಂಜೆ ಅವರಿಗೆ ಎದೆ ಬಿಗಿಯುತ್ತಿತ್ತು. "ಎದಿ ಮ್ಯಾಲ ಕಲ್ಲ ಇಟ್ಟಂಗ ಆಗ್ಯದ" ಅನ್ನುತ್ತಿದ್ದರು. ಮರುದಿನ ಕಡಿಮೆ, ವಾರದ ಕೊನೆಗೆ ಆರಾಮ. ಮನೆಯಲ್ಲಿ ಎಲ್ಲರೂ ಸುಟ್ಟಿಯ ದಿನ ತಿಂದ ಊಟದ್ದೇ ತಪ್ಪು ಅಂದುಕೊಂಡಿದ್ದರು. ವರ್ಷಗಳು ಕಳೆದಂತೆ ವಾರದ ಕೊನೆಯ ಆರಾಮವೂ ಹೋಯಿತು; ಮೆಟ್ಟಿಲು ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳಬೇಕು. ಇದಕ್ಕೆ ಬಿಸಿನೋಸಿಸ್ ಎಂದು ಹೆಸರಿದೆ. ಹತ್ತಿ, ಅಗಸೆ ನಾರು, ಸೆಣಬಿನ ಜಾತಿಯ ನಾರುಗಳ ಧೂಳಿನಿಂದ ಬರುವ ಶ್ವಾಸಕೋಶದ ರೋಗ. ಹತ್ತಿಯ ಜೊತೆ ಬರುವ ಎಲೆ, ಸಿಪ್ಪೆಯ ಚೂರುಗಳಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಇದಕ್ಕೆ ಮುಖ್ಯ ಕಾರಣ ಎನ್ನುತ್ತಾರೆ. ರಜೆಯ ನಂತರದ ಮೊದಲ ದಿನ ಎದೆ ಬಿಗಿಯುವುದೇ ಇದರ ಗುರುತು. ಕಾರ್ಡಿಂಗಿನಲ್ಲಿ, ಹತ್ತಿಯ ಗಂಟು ಬಿಡಿಸುವ ಬ್ಲೋ ರೂಮಿನಲ್ಲಿ ಹೆಚ್ಚು, ನೇಯ್ಗೆಯಲ್ಲಿ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ನಮ್ಮ ದೇಶದ ಕಾನೂನಿನಲ್ಲಿ ಪರಿಹಾರ ಕೊಡಬೇಕಾದ ಉದ್ಯೋಗಜನ್ಯ ರೋಗಗಳ ಪಟ್ಟಿಯಲ್ಲಿ ಇದೂ ಸೇರಿದೆ. ಅಪ್ಪನಿಗೆ ಮಾತ್ರ ಯಾರೂ ಆ ಹೆಸರು ಹೇಳಲಿಲ್ಲ. ದಮ್ಮು ಎಂದು ಗುಳಿಗೆ ಕೊಟ್ಟು ಕಳಿಸುತ್ತಿದ್ದರು. ವಾರದ ಮೊದಲ ದಿನ ನಿಮಗೆ ಅಥವಾ ಜೊತೆಯವರಿಗೆ ಹೀಗೆ ಆಗುತ್ತಿದ್ದರೆ ಇಎಸ್‌ಐ ಡಾಕ್ಟರಿಗೆ ಹತ್ತಿಯ ಕೆಲಸ ಎಂದು ಬಾಯಿಬಿಟ್ಟು ಹೇಳಿ. ಅವರಾಗಿ ಕೇಳಲಿ ಎಂದು ಕಾಯಬೇಡಿ.

ಅಮೆರಿಕದಲ್ಲಿ 1978ರಲ್ಲಿ ಹತ್ತಿ ಧೂಳಿಗೆ ಅಂತಲೇ ಒಂದು ನಿಯಮ ತಂದರು. ಅದರಲ್ಲಿ ನೆಲವನ್ನೂ ಬಟ್ಟೆಯನ್ನೂ ಗಾಳಿ ಹೊಡೆದು ಸ್ವಚ್ಛ ಮಾಡಬಾರದು ಎಂದಿದೆ. ಬೇರೆ ದಾರಿ ಇರುವಲ್ಲಿ ಮಷಿನಿಗೂ ಗಾಳಿ ಹೊಡೆಯಬಾರದು. ಹೊಡೆಯಲೇಬೇಕಾದರೆ ಹೊಡೆಯುವವರಿಗೆ ಮಾಸ್ಕ್ ಕೊಟ್ಟು ಉಳಿದವರನ್ನು ಹೊರಗೆ ಕಳಿಸಬೇಕು. ನೆಲಕ್ಕೆ ವ್ಯಾಕ್ಯೂಮ್, ಇಲ್ಲವೇ ಧೂಳು ಏಳದ ಬೇರೆ ವಿಧಾನ. 2025ರವರೆಗೆ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆ ಕಾಯ್ದೆಯ 14ನೇ ಕಲಮಿನಲ್ಲೂ ತಿರುಳು ಇದೇ ಇತ್ತು: ಧೂಳು ಹುಟ್ಟುವ ಜಾಗಕ್ಕೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರದಲ್ಲೇ ಅದನ್ನು ಹೀರಿ ತೆಗೆಯಬೇಕು. ಇನ್ನೂ ಒಂದು ಮಾತು. ಟವೆಲ್ಲಿನ ಕುಣಿಕೆ ಕತ್ತರಿಸಿ ಮಖಮಲ್ಲಿನಂತೆ ಮಾಡುವ ಶಿಯರಿಂಗ್ ಮಷಿನಿಗೆ ಹೀರುವ ಪೈಪು ಕಂಪನಿಯಿಂದಲೇ ಬಂದಿರುತ್ತದೆ, ಅದಿಲ್ಲದಿದ್ದರೆ ಬ್ಲೇಡಿನ ಬಾಯಿ ಕಟ್ಟಿ ಮಷಿನು ನಡೆಯುವುದಿಲ್ಲ. ಮಷಿನಿನ ಉಸಿರು ಕಟ್ಟಬಾರದು ಎಂದು ಹೀರುವ ಯಂತ್ರ ಕೂಡಿಸಿದವರು ಮನುಷ್ಯನ ಕೈಗೆ ಗನ್ ಕೊಟ್ಟರು. ಇದು ನನಗೆ ಬಹಳ ಸಿಟ್ಟು ತರಿಸುತ್ತದೆ.

ಬೆಂಕಿಯ ಮಾತು ಆಡದೆ ಸೊಲ್ಲಾಪುರದಲ್ಲಿ ಈ ವಿಷಯ ಮುಗಿಯುವುದಿಲ್ಲ. 2025ರ ಮೇ ತಿಂಗಳಲ್ಲಿ ಇದೇ ಎಂಐಡಿಸಿ ಕೈಗಾರಿಕಾ ಪ್ರದೇಶದ ಟವೆಲ್ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದು 8 ಜನ ಹೋದರು, ಅದರಲ್ಲಿ ಒಂದು ಎಳೆಯ ಕೂಸೂ ಇತ್ತು. ಆ ಬೆಂಕಿ ಹೇಗೆ ಹತ್ತಿತು ಎಂದು ಹೇಳುವುದು ತನಿಖೆ ಮಾಡಿದವರ ಕೆಲಸ, ನಾನು ಅದರಲ್ಲಿ ಬಾಯಿ ಹಾಕುವುದಿಲ್ಲ. ಆದರೆ ಅದಾದ ಮೇಲೆ ಕೇಬಲ್ ಟ್ರೇ ಕಡೆ ಕತ್ತೆತ್ತಿ ನೋಡದೆ ಶೆಡ್ಡಿನೊಳಗೆ ಕಾಲಿಡಲು ನನ್ನಿಂದ ಆಗಿಲ್ಲ. ಒತ್ತಿ ಕಟ್ಟಿದ ಹತ್ತಿಯ ಗಂಟು ನಿಧಾನ ಉರಿಯುತ್ತದೆ. ಹರಡಿ ಕೂತ ಫ್ಲೈ ಹಾಗಲ್ಲ, ಒಂದು ಕಿಡಿ ತಾಗಿದರೆ ಬೆಂಕಿ ಅದರ ಮೇಲೆ ಓಡುತ್ತದೆ. ಟ್ರೇ ಹಿಡಿದು, ಲೈಟಿನ ಪಟ್ಟಿ ಹಿಡಿದು ಶೆಡ್ಡಿನ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಕಿಡಿಗೆ ಕೊರತೆ ಇಲ್ಲ: ಸವೆದ ಬೇರಿಂಗು, ಸಡಿಲ ಬಿಟ್ಟ ಕನೆಕ್ಷನ್ನು, ವೆಲ್ಡಿಂಗು.

ನಮ್ಮ ಜಿಲ್ಲೆಯಲ್ಲಿ ಮಗ್ಗದ ಜೊತೆ ಸಕ್ಕರೆ ಕಾರ್ಖಾನೆಗಳೂ ಬಹಳ ಇವೆ. ನಮ್ಮ ಕಾಕಾನ ಮಗ ಒಂದರಲ್ಲಿ ಪ್ಯಾಕಿಂಗ್ ಖಾತೆಯಲ್ಲಿದ್ದಾನೆ. "ಅಣ್ಣಾ, ನಿಮ್ದು ಹತ್ತಿ, ಸುಡ್ತದ. ನಮ್ದು ಸಕ್ಕರಿ, ಏನ್ ಆಗ್ತದ?" ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. 2008ರ ಫೆಬ್ರುವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ ಸಕ್ಕರೆ ಧೂಳು ಸ್ಫೋಟಿಸಿ 14 ಜನ ಸತ್ತರು. ಗೋದಾಮಿನ ಕೆಳಗಿನ ಕನ್ವೇಯರನ್ನು ತಗಡಿನಿಂದ ಮುಚ್ಚಿದ್ದರು, ಅದರೊಳಗೆ ಧೂಳು ದಟ್ಟವಾಗಿ ಮೊದಲ ಸ್ಫೋಟ ಆಯಿತು. ಜನರನ್ನು ಕೊಂದದ್ದರಲ್ಲಿ ದೊಡ್ಡ ಪಾಲು ಅದರ ನಂತರದ ಸ್ಫೋಟಗಳದ್ದು. ಮೊದಲ ಹೊಡೆತಕ್ಕೆ ನೆಲದ, ತೊಲೆಗಳ, ಪೈಪುಗಳ ಮೇಲೆ ವರ್ಷಗಟ್ಟಲೆ ಕೂತಿದ್ದ ಧೂಳೆಲ್ಲ ಎದ್ದು ಗಾಳಿಯಲ್ಲಿ ತೂಗಿ, ಅದಕ್ಕೆ ಬೆಂಕಿ ಹತ್ತಿ ಕಟ್ಟಡದಿಂದ ಕಟ್ಟಡಕ್ಕೆ ಹೋಯಿತು. ಹತ್ತಿಕೊಳ್ಳುವ ಧೂಳು 0.8 ಮಿಲಿಮೀಟರ್ ದಪ್ಪ ಕೂತರೂ ಅಪಾಯ ಎಂದು ಅಲ್ಲಿನ ಅಗ್ನಿಸುರಕ್ಷತೆಯ ಮಾನದಂಡದಲ್ಲಿ ಬಹಳ ಹಿಂದೆಯೇ ಬರೆದಿದ್ದರು. ಅಂಥ ಜಾಗಕ್ಕೆ ನಮ್ಮ ಶೆಡ್ಡಿನ ಮಷಿನನ್ನು ಒಯ್ಯಬಾರದು ಎಂದೂ ತಮ್ಮನಿಗೆ ಹೇಳಿದೆ. ಸಾಮಾನ್ಯ ವ್ಯಾಕ್ಯೂಮಿನ ಮೋಟರಿನ ಕಿಡಿಯೇ ಸಾಕು. ಸಕ್ಕರೆ, ಹಿಟ್ಟು, ಅಲ್ಯುಮಿನಿಯಂ ಪುಡಿಗೆ ಸ್ಫೋಟದ ಅಪಾಯವಿರುವ ಜಾಗಕ್ಕೆಂದೇ ಪ್ರಮಾಣಪತ್ರ ಪಡೆದ ಮಷಿನೇ ಬೇಕು. ಅದರ ಬೆಲೆ ಹೆಚ್ಚು, ಆದರೆ ಅಲ್ಲಿ ಬೇರೆ ದಾರಿ ಇಲ್ಲ.

ಇನ್ನು ನಮ್ಮ ಮಷಿನು. ಅಂಗಡಿಯಲ್ಲಿ ಸಿಗುವ ಸಿಂಗಲ್ ಫೇಸಿನವು ಮನೆಗೆ, ಆಫೀಸಿಗೆ ಸರಿ. ಅವುಗಳ ಮೋಟರಿನಲ್ಲಿ ಕಾರ್ಬನ್ ಬ್ರಶ್ ಇರುತ್ತದೆ, ಪಾಳಿಗಟ್ಟಲೆ ಓಡಿಸಿದರೆ ಬ್ರಶ್ ಸವೆದು ನಿಲ್ಲುತ್ತವೆ. ನಾವು ತಂದದ್ದು ತ್ರೀ ಫೇಸಿನದು, 3 ಕಿಲೋವ್ಯಾಟ್, ಗಾಳಿ ಎಳೆಯಲು ಸೈಡ್ ಚಾನೆಲ್ ಬ್ಲೋವರ್ ಎಂಬ ಪಂಖ. ಇದರಲ್ಲಿ ಬ್ರಶ್ಶೂ ಇಲ್ಲ, ಬೆಲ್ಟೂ ಇಲ್ಲ, ದಿನವಿಡೀ ಓಡಿದರೂ ಅಡ್ಡಿಯಿಲ್ಲ. ಮಾರಲು ಬಂದವರು ಬರೀ ಹಾರ್ಸ್‌ಪವರ್ ಹೇಳುತ್ತಾರೆ. ನೀವು ಎರಡು ಅಂಕಿ ಕೇಳಿ: ಎಷ್ಟು ಜೋರಾಗಿ ಎಳೆಯುತ್ತದೆ, ಗಂಟೆಗೆ ಎಷ್ಟು ಗಾಳಿ ಎಳೆಯುತ್ತದೆ. ಮೊದಲನೆಯದನ್ನು ನೀರಿನ ಕಂಬದ ಮಿಲಿಮೀಟರಿನಲ್ಲಿ ಹೇಳುತ್ತಾರೆ, ಎರಡನೆಯದನ್ನು ಘನ ಮೀಟರಿನಲ್ಲಿ. ಕಬ್ಬಿಣದ ಚೂರು, ಎಣ್ಣೆ ಎತ್ತಲು ಎಳೆತದ ಜೋರು ಬೇಕು. ಫ್ಲೈ ಹಗುರ, ಅದಕ್ಕೆ ಗಾಳಿಯ ಹರಿವು ಬೇಕು.

ಹೋಸ್ ಪೈಪಿನ ಲೆಕ್ಕವನ್ನೂ ನೋಡಬೇಕು. ಪೈಪಿನೊಳಗೆ ಧೂಳು ಕೂರದೆ ಸಾಗಬೇಕಾದರೆ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡಬೇಕು. 50 ಮಿಲಿಮೀಟರ್ ಪೈಪಿಗೆ ಇದು ಗಂಟೆಗೆ ಸುಮಾರು 140 ಘನ ಮೀಟರ್ ಆಗುತ್ತದೆ. ಪೈಪು ದೊಡ್ಡದಾದರೆ ಹೆಚ್ಚು ಎಳೆಯುತ್ತದೆ ಎಂದು 70 ಮಿಲಿಮೀಟರಿನದು ಹಾಕಿದರೆ 275ರಷ್ಟು ಬೇಕು. ಅಷ್ಟು ಮಷಿನು ಕೊಡದಿದ್ದರೆ ಫ್ಲೈ ಪೈಪಿನ ನಡುವೆಯೇ ಗಂಟಾಗಿ ಕೂರುತ್ತದೆ. ಪೈಪು ಉದ್ದವಾದಷ್ಟೂ, ಸೊಟ್ಟಗಾದಷ್ಟೂ ಎಳೆತ ಕಡಿಮೆ.

ಹತ್ತಿಗೆ ಇನ್ನೊಂದು ಗುಣ ಇದೆ, ಫಿಲ್ಟರಿನ ಮೇಲೆ ಕಂಬಳಿಯಾಗಿ ಕೂರುತ್ತದೆ. ಅದಕ್ಕೇ ಮಷಿನಿಗಿಂತ ಮುಂಚೆ ಒಂದು ಸೈಕ್ಲೋನ್ ಡಬ್ಬ ಇಟ್ಟಿದ್ದೇವೆ. ಗಾಳಿ ಅದರಲ್ಲಿ ಸುತ್ತು ಹೊಡೆದು ಹೋಗುವಾಗ ದಪ್ಪ ಫ್ಲೈ ಅಲ್ಲೇ ಕೆಳಗೆ ಬೀಳುತ್ತದೆ, ಸಣ್ಣ ಪುಡಿ ಮಾತ್ರ ಫಿಲ್ಟರಿಗೆ ಬರುತ್ತದೆ. ಫಿಲ್ಟರ್ ಎಂ ಕ್ಲಾಸಿನದು, ಅಂದರೆ ಧೂಳಿನಲ್ಲಿ ನೂರಕ್ಕೆ 99.9 ಪಾಲು ಹಿಡಿಯಬೇಕು. ಇದನ್ನು ನೋಡದೆ ಅಗ್ಗದ ಬಟ್ಟೆ ಚೀಲದ ಮಷಿನು ತಂದರೆ ಮುಂದಿನಿಂದ ಹೀರಿದ ಪುಡಿ ಹಿಂದಿನಿಂದ ಹೊರಗೆ ಬರುತ್ತದೆ, ಗನ್ನಿಗೂ ಅದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಆ ಫಿಲ್ಟರನ್ನು ಕೊನೆಗೆ ಏರ್ ಗನ್ನಿನಿಂದ ಊದಿ ಸ್ವಚ್ಛ ಮಾಡುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಹಿಡಿದಿಟ್ಟ ವಿಷವನ್ನೆಲ್ಲ ಒಂದೇ ಏಟಿಗೆ ಮೂಗಿಗೆ ಬಿಟ್ಟಂತೆ ಅದು, ಮೇಲಾಗಿ ಫಿಲ್ಟರಿನ ಕಾಗದವೂ ಹರಿಯುತ್ತದೆ. ಮಷಿನಿನ ಮೇಲೆ ಹಿಡಿಕೆ ಇದೆ. ಬಂದ್ ಮಾಡಿ ಅದನ್ನು ಜಗ್ಗಿ ಅಲ್ಲಾಡಿಸಿದರೆ ಧೂಳು ಒಳಗಿನ ಡಬ್ಬಕ್ಕೇ ಉದುರುತ್ತದೆ.

ಮೊದಲ ವಾರ ಹುಡುಗರು ಪೈಪು ಮುಟ್ಟಲು ಹೆದರಿದರು. "ಕಾಕಾ, ಚುಟ್ ಅಂತದ್ರಿ" ಎಂದು ಕೈ ಕೊಡವುತ್ತಿದ್ದರು. ಒಣ ಫ್ಲೈ ಪ್ಲಾಸ್ಟಿಕ್ ಪೈಪಿನೊಳಗೆ ಉಜ್ಜಿಕೊಂಡು ಓಡಿದರೆ ಸ್ಟ್ಯಾಟಿಕ್ ಕರೆಂಟು ಕೂಡುತ್ತದೆ, ಮುಟ್ಟಿದವರ ಮೂಲಕ ನೆಲಕ್ಕೆ ಹಾರುತ್ತದೆ. ಶಾಕ್ ಸಣ್ಣದೇ, ಆದರೆ ಹತ್ತಿಯ ನಡುವೆ ಕಿಡಿ ಕಿಡಿಯೇ. ಆ್ಯಂಟಿಸ್ಟ್ಯಾಟಿಕ್ ಹೋಸ್ ಹಾಕಿ, ಅದರ ತಂತಿಯನ್ನು ಮಷಿನಿನ ಬಾಡಿಗೆ, ಬಾಡಿಯನ್ನು ಅರ್ಥಿಂಗಿಗೆ ಸೇರಿಸಿದ ಮೇಲೆ ನಿಂತಿತು. ಕೊಳ್ಳುವಾಗಲೇ ಆ ಹೋಸ್ ಬೇಕೆಂದು ಹಟ ಹಿಡಿಯಿರಿ.

ಕಸ ಹೊಡೆಯುವ ನಮ್ಮ ಮೌಶಿಯರಿಗೆ ಮೊದಮೊದಲು ಅಳುಕಿತ್ತು, ಮಷಿನು ಬಂದರೆ ತಮ್ಮನ್ನು ತೆಗೆಯುತ್ತಾರೆ ಎಂದು. "ನಮ್ಮ ಪೊರಕಿ ಕಸಗೊಂಡ್ರ ನಾವೇನ್ ಮಾಡೂಣ್ರಿ ಸಾಹೇಬ್ರ?" ಎಂದು ಅವರಲ್ಲಿ ಹಿರಿಯರು ಕೇಳಿದರು. ಮಷಿನು ಅವರ ಕೈಗೇ ಕೊಡಬೇಕು, ಯಾರನ್ನೂ ಕಡಿಮೆ ಮಾಡಬಾರದು ಎಂದು ಮಾಲಕರ ಹತ್ತಿರ ನಾನು ಮೊದಲೇ ಮಾತು ತೆಗೆದುಕೊಂಡಿದ್ದೆ. ಈಗ ಅವರೇ ಅದನ್ನು ನಡೆಸುತ್ತಾರೆ. ಅಲ್ಯುಮಿನಿಯಂ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ತುದಿಗೆ ಬಾಗಿದ ಬ್ರಶ್ ಹಾಕಿದರೆ ನೆಲದ ಮೇಲೆ ನಿಂತೇ ಟ್ರೇ, ಲೈಟಿನ ಪಟ್ಟಿ, ತೊಲೆ ಎಲ್ಲ ಮುಟ್ಟುತ್ತದೆ. ಓಡುವ ಮಗ್ಗಗಳ ನಡುವೆ ಏಣಿ ಹಾಕಿ ಹತ್ತುವುದು ತಪ್ಪಿತು. ಕೊಳವೆ ಲೋಹದ್ದು, ಹಾಗಾಗಿ ಬಿಚ್ಚಿದ ವೈರು, ಪ್ಯಾನಲ್ಲಿನ ಹತ್ತಿರ ಕರೆಂಟು ಬಂದ್ ಮಾಡದೆ ಒಯ್ಯಬಾರದು. ಆ ಸೂಚನೆಯನ್ನು ಮರಾಠಿ, ಕನ್ನಡ, ತೆಲುಗು ಮೂರರಲ್ಲೂ ಬರೆದು ಮಷಿನಿಗೇ ಅಂಟಿಸಿದ್ದೇವೆ. ಯಾವಾಗಲೂ ಮೇಲಿನಿಂದ ಕೆಳಗೆ: ಮೊದಲು ತೊಲೆ, ಆಮೇಲೆ ಮಗ್ಗ, ಕೊನೆಗೆ ನೆಲ. ಹಿಂದೆ ಮೇಲಿನ ಸ್ವಚ್ಛತೆ ಖಂಡೇನವಮಿಗೊಮ್ಮೆ, ಸಿದ್ಧರಾಮನ ಜಾತ್ರೆಗೊಮ್ಮೆ ಆಗುತ್ತಿತ್ತು. ಈಗ ವಾರಕ್ಕೊಮ್ಮೆ ಆಗುತ್ತದೆ, ಟ್ರೇಯಲ್ಲಿ ಹಾಸಿಗೆ ಕಟ್ಟುವುದಕ್ಕೆ ಹೊತ್ತೇ ಸಿಗುವುದಿಲ್ಲ.

ಮಾಲಕರಿಗೆ ಒಪ್ಪಿಸಿದ್ದು ಮಾತ್ರ ಕರೆಂಟಿನ ಲೆಕ್ಕ. ಗಾಳಿ ಪುಕ್ಕಟೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಕಂಪ್ರೆಸರು ತಿನ್ನುವ ವಿದ್ಯುತ್ತಿನಲ್ಲಿ ಹೆಚ್ಚಿನದು ಶಾಖವಾಗಿ ಹೋಗಿ, ಗಾಳಿಯ ರೂಪದಲ್ಲಿ ಕೆಲಸಕ್ಕೆ ಬರುವುದು ನೂರಕ್ಕೆ 10ರಿಂದ 15 ಪಾಲು. 7 ಬಾರ್ ಒತ್ತಡದಲ್ಲಿ 3 ಮಿಲಿಮೀಟರ್ ತೂತಿನ ಗನ್ ಒತ್ತಿ ಹಿಡಿದರೆ ನಿಮಿಷಕ್ಕೆ 0.6 ಘನ ಮೀಟರಿಗಿಂತ ಹೆಚ್ಚು ಗಾಳಿ ಹೋಗುತ್ತದೆ, ಅಷ್ಟು ಗಾಳಿ ತಯಾರಿಸಲು ಕಂಪ್ರೆಸರಿಗೆ 4 ಕಿಲೋವ್ಯಾಟಿನಷ್ಟು ಬೇಕು. ನಮ್ಮ ಇಡೀ ವ್ಯಾಕ್ಯೂಮ್ 3 ಕಿಲೋವ್ಯಾಟಿನದು! ಅದೂ ಗನ್ ಸರಿ ಇದ್ದರೆ. ಬಹಳ ಕಡೆ ಗನ್ ಮುರಿದಿರುತ್ತದೆ, ಬರೀ ಪೈಪನ್ನು ಮಡಿಸಿ ಹಿಡಿದು ಬೇಕಾದಾಗ ಬಿಡುತ್ತಾರೆ. ತೂತು ಎರಡರಷ್ಟು ಅಗಲವಾದರೆ ಗಾಳಿ ನಾಲ್ಕು ಪಟ್ಟು. ಮಷಿನು ಲಕ್ಷದ ಮೇಲಿನ ಮಾತು ಎಂದು ಮೊದಲು ಹಿಂದೆ ಸರಿದಿದ್ದ ಮಾಲಕರು ಈ ಲೆಕ್ಕ ನೋಡಿ, ಫ್ಲೈ ನೇಯ್ಗೆಯಲ್ಲಿ ಸೇರಿ ರಿಜೆಕ್ಟ್ ಆಗುತ್ತಿದ್ದ ಟವೆಲ್ಲುಗಳ ರಾಶಿಯನ್ನೂ ನೋಡಿ ಹೂಂ ಅಂದರು.

ಮೈಗೆ ಗಾಳಿ ಹೊಡೆದುಕೊಳ್ಳುವುದನ್ನು ಮಾತ್ರ ಇವತ್ತೇ ನಿಲ್ಲಿಸಿ, ಅದಕ್ಕೆ ಮಷಿನು ಬರುವವರೆಗೆ ಕಾಯಬೇಕಿಲ್ಲ. ಕಣ್ಣು, ಕಿವಿ ಹೋಗುತ್ತವೆ. ತಮಾಷೆಗೆ ಹಿಂಬದಿಗೆ ಪೈಪು ಹಿಡಿದು, ಕರುಳು ಒಡೆದು ಜೀವ ಹೋದ ಸುದ್ದಿಗಳು ನಮ್ಮ ದೇಶದ ಪತ್ರಿಕೆಗಳಲ್ಲೇ ಮತ್ತೆ ಮತ್ತೆ ಬಂದಿವೆ. ನಮ್ಮಲ್ಲಿ ಗೇಟಿನ ಬಳಿ ಒಂದು ಸಣ್ಣ ಬ್ರಶ್ ಹಾಕಿದ ಹೀರುವ ಹೋಸ್ ತೂಗುಹಾಕಿದ್ದೇವೆ, ಅಂಗಿ ಅದರಲ್ಲೇ ಒರೆಸಿಕೊಂಡು ಹೋಗುತ್ತಾರೆ.

ಗನ್ ಪೂರ್ತಿ ಹೋಗಿಲ್ಲ. ಹಣಿಗೆಯ ಸಂದಿಯಲ್ಲಿ, ಜಕಾರ್ಡಿನ ಒಳಗೆ ಬ್ರಶ್ ತೂರದ ಕಡೆ ಇನ್ನೂ ಬೇಕು. ಅದೊಂದು ಗನ್ನನ್ನು ಬೀಗದ ಕಪಾಟಿನಲ್ಲಿ ಇಟ್ಟಿದ್ದೇನೆ. ಒತ್ತಡವನ್ನು 2 ಬಾರ್‌ಗೆ ಇಳಿಸಿದ್ದೇನೆ. ಹೊಡೆಯುವವರು ಮಾಸ್ಕ್, ಕನ್ನಡಕ ಹಾಕಬೇಕು, ಪಕ್ಕದಲ್ಲಿ ಇನ್ನೊಬ್ಬರು ಹೀರುವ ಬಾಯಿ ಹಿಡಿದು ನಿಲ್ಲಬೇಕು. ಮನೆಯ ಮುಂದಿನ ಶೆಡ್ಡಿನಲ್ಲಿ ನಾಲ್ಕಾರು ಪವರ್‌ಲೂಮ್ ಇಟ್ಟುಕೊಂಡ ಪದ್ಮಶಾಲಿ ನೇಕಾರ ಅಣ್ಣಂದಿರು ಊರಿನ ಪೂರ್ವ ಭಾಗದ ಓಣಿಗಳಲ್ಲಿ ಬಹಳ ಇದ್ದಾರೆ, ಅವರ ಮಕ್ಕಳು ಅದೇ ಗಾಳಿಯಲ್ಲಿ ಮಲಗುತ್ತವೆ. ಒಬ್ಬೊಬ್ಬರಿಗೆ ಇಂಥ ಮಷಿನು ಕೊಳ್ಳಲು ಆಗದು. ಒಂದು ಓಣಿಗೆ ಒಂದು, ಗಾಲಿಯ ಮೇಲಿನದು, ವಾರದಲ್ಲಿ ದಿನ ಹಂಚಿಕೊಂಡು ಬಳಸಬಹುದು. ಇಬ್ಬರು ಮೂವರು ಹಿರಿಯರ ಹತ್ತಿರ ಈ ಮಾತು ಎತ್ತಿದ್ದೇನೆ. ನೋಡಬೇಕು ಅಂದವರೊಬ್ಬರು ನಮ್ಮ ಶೆಡ್ಡಿಗೆ ಬಂದು, ಮೌಶಿಯ ಕೈಯಿಂದ ಕೊಳವೆ ಇಸಿದುಕೊಂಡು, ತಾವೇ ಒಂದು ಮಗ್ಗ ಪೂರ್ತಿ ಹೀರಿ ನೋಡಿದರು. ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಿದ್ದಾರೆ, ಅದನ್ನು ವಿಚಾರಿಸುತ್ತಿದ್ದೇನೆ.